ಫೋಮಿನ ಕತ್ತಿಗೆ ಹೊಲಿದ ಗವಸು

ಅತ್ತೆ ದೇವರ ಕೋಣೆಗೆಂದು ನಿಂಬೆಹಣ್ಣು ತೊಳೆದಿಟ್ಟಿದ್ದಾರೆ. ಆ ವಾಸನೆಗೆ ನನ್ನ ಕೈ ತಾನಾಗಿ ಬಲಹುಬ್ಬಿನ ಮೇಲೆ ಹೋಯಿತು. ಏಟು ಬಿದ್ದದ್ದು ನನಗಲ್ಲ, ನನ್ನಿಂದ ಇನ್ನೊಬ್ಬಳಿಗೆ.

ವೀರಭದ್ರ ನಮ್ಮ ಮನೆದೇವರು. ಕೋಣೆಯಲ್ಲಿರುವ ಖಡ್ಗಕ್ಕೆ ವರ್ಷಕ್ಕೊಂದು ಕೆಂಪು ಗವಸು ಹೊಲಿಯುತ್ತೇವೆ. ಅದರ ತುದಿ ಮುಚ್ಚುವ ಹಾಗಿಲ್ಲ. ಹೊರಗಿಣುಕುವ ಮೊನೆಗೆ ನಿಂಬೆಹಣ್ಣು ಚುಚ್ಚಬೇಕು. ಅತ್ತೆಯ ಹತ್ತಿರ ನಾನು ಹೊಲಿಗೆ ಕಲಿತದ್ದೇ ಆ ಗವಸಿನ ಮೇಲೆ. ಆಮೇಲೆ ರವಿಕೆ ಹೊಲಿದು ಕೊರಟಗೆರೆಯಲ್ಲಿ ಒಂದಿಷ್ಟು ಹೆಸರು ಮಾಡಿದೆ. ಹೆಸರಿಗಿಂತ ಜಂಬವೇ ಜಾಸ್ತಿ ಎಂದಿಟ್ಟುಕೊಳ್ಳಿ.

ಕೆಲವು ವರ್ಷದ ಹಿಂದೆ ತುಮಕೂರಿನ ಹುಡುಗಿಯೊಬ್ಬಳು ಹತ್ತು ಕತ್ತಿಗಳ ಹೊರೆ ಹೊತ್ತು ಮನೆಗೆ ಬಂದಾಗ ಬೆಚ್ಚಿಬಿದ್ದೆ. ಮುಟ್ಟಿ ನೋಡಿದರೆ ಹಾಸಿಗೆಯ ಫೋಮು! ಒಳಗೆ ಪ್ಲಾಸ್ಟಿಕ್ ಪೈಪು, ಅದರ ತುದಿಗೆ ಫೋಮಿನದೇ ಒಂದು ತುಂಡು. ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ ಇವರೆಲ್ಲ ಎರಡು ಪಾಳೆಯವಾಗಿ ಹೊಡೆದಾಡುತ್ತಾರಂತೆ, ಬರೀ ಆಟಕ್ಕೆ. ಫೋಮು ಕಿತ್ತು ಬರದಂತೆ ಗವಸು ಬೇಕಂತೆ. ಮೀಸೆ ಬಂದವರೂ ಇದನ್ನು ಆಡುತ್ತಾರೆಂದು ನಂಬಲು ನನಗೆ ಎರಡು ಲೋಟ ಕಾಫಿ ಬೇಕಾಯಿತು.

"ನೋವಾಗಕಿಲ್ವೇನವ್ವ?" ಎಂದೆ.

"ಇಲ್ಲ ಆಂಟಿ, ಮೆತ್ತಗಿರುತ್ತೆ" ಎಂದಳು.

ಭಾನುವಾರ ಅತ್ತೆಯೊಂದಿಗೆ ದುರ್ಗಕ್ಕೆ ಹೋಗಿ ನಾನೇ ಗವಸು ತೊಡಿಸಿಕೊಟ್ಟೆ. ಆಟ ಶುರುವಾಯಿತು. ಬಿಸಿಲಿಗೆ ಮಿಂಚುತ್ತಿದ್ದ ನನ್ನ ಹೊಲಿಗೆ ನೋಡಿ ಬೀಗುತ್ತ ಕೂತಿದ್ದೆ. ಅಷ್ಟರಲ್ಲಿ ಆ ಹುಡುಗಿ "ಅಮ್ಮಾ!" ಎಂದು ಮುಖ ಹಿಡಿದುಕೊಂಡು ಕುಸಿದಳು. ಬೆರಳ ಸಂದಿಯಲ್ಲಿ ರಕ್ತ.

ಎದುರು ನಿಂತವನ ಕತ್ತಿಯಲ್ಲಿ ತುದಿಯ ಫೋಮೇ ಇಲ್ಲ, ಬರೀ ಪೈಪು. ಹತ್ತೂ ಗವಸುಗಳ ತುದಿಯನ್ನು ತೆರೆದೇ ಬಿಟ್ಟಿದ್ದೆ, ನಿಂಬೆಹಣ್ಣಿಗೆ! ಕತ್ತಿಯ ಗವಸೆಂದರೆ ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಅಂಚು ಮಡಿಚಿ ಅಂದವಾಗಿ ಹೊಲಿದಿದ್ದರಿಂದ ಅವರೂ ಅದು ಹಾಗೇ ಇರಬೇಕೆಂದುಕೊಂಡಿದ್ದರು.

"ಏನ್ ಮಾಡ್ಬುಟ್ಯೇ!" ಎಂದು ಅತ್ತೆ ಓಡಿದರು. ಹುಡುಗಿಯ ಕೈ ಸರಿಸುವಾಗ ನನಗೆ ನೋಡುವ ಧೈರ್ಯವಾಗಲಿಲ್ಲ, ಕಿವಿಯಷ್ಟೇ ಅತ್ತ ಇತ್ತು.

"ಕಣ್ ಬುಡವ್ವ. ನಾನ್ ಕಾಣ್ತೀನಾ?"

ನಾನು ಕಣ್ಣು ಮುಚ್ಚಿ ವೀರಭದ್ರನನ್ನು ನೆನೆದೆ.

"ಕಾಣ್ತೀರ, ಅಜ್ಜಿ."

ಹುಬ್ಬು ಸೀಳಿತ್ತು, ಕಣ್ಣು ಉಳಿದಿತ್ತು. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು. ಅವನ್ನು ನೋಡಿದ ಮೇಲೆ ನನ್ನ ಜಂಬ ಎಲ್ಲಿ ಹೋಯಿತೋ ತಿಳಿಯದು.

ಈಗ ಅತ್ತೆಗೆ ದಾರ ಪೋಣಿಸಲಾಗದು. ದೇವರ ಗವಸೂ ಈ ವರ್ಷದಿಂದ ನನ್ನ ಪಾಲಿಗೇ ಬಂದಿದೆ. ನಿನ್ನೆ ಹೊಲಿದದ್ದನ್ನು ಖಡ್ಗಕ್ಕೆ ತೊಡಿಸಲು ಹೋದ ಅತ್ತೆ ಈಗ ತಟ್ಟನೆ ನಿಂತರು. ನೋಡಿದರೆ ತುದಿ ಮುಚ್ಚಿಬಿಟ್ಟಿದ್ದೇನೆ, ಒಂದಲ್ಲ, ಎರಡು ಸುತ್ತು ಹೊಲಿದು. ಗಾಬರಿಯಿಂದ ಕತ್ತರಿಗೆ ಕೈ ಹಾಕಿದೆ.

"ಇರ್ಲಿ ಬುಡು, ಬಿಚ್ಬ್ಯಾಡ" ಎಂದು ಅತ್ತೆ ನಿಂಬೆಹಣ್ಣನ್ನು ದೇವರ ಪಾದದ ಹತ್ತಿರ ಇಟ್ಟರು.