ಏಳನೇ ಕಂಬದ ದನಿ

ಬೆಳಿಗ್ಗೆ ಪಾರ್ಕು ಗುಡಿಸುತ್ತ ಏಳನೇ ದೀಪದ ಕಂಬದ ಹತ್ತಿರ ಬಂದಾಗ ಅವಳು ಪೊರಕೆ ನಿಲ್ಲಿಸುತ್ತಿದ್ದಳು. ಕಂಬಕ್ಕೆ ಕಟ್ಟಿದ ಸ್ಪೀಕರಿನಲ್ಲಿ ಹಕ್ಕಿಗಳ ಚಿಲಿಪಿಲಿಯ ನಡುವೆ ದಿನವೂ ಅದೇ ಹೊತ್ತಿಗೆ ಒಂದು ಹೆಣ್ಣುದನಿ ತೇಲಿಬರುತ್ತಿತ್ತು: "ಅಕ್ಕಾ, ಎಷ್ಟು ಹೊತ್ತೇ?"

"ಬಂದೆ ಕಣೇ," ಎಂದು ಮೆಲ್ಲಗೆ ಓಗೊಟ್ಟು ಮತ್ತೆ ಗುಡಿಸತೊಡಗುವಳು. ಜ್ವರವಿರಲಿ, ಮಳೆಯಿರಲಿ, ಒಂದು ದಿನ ತಪ್ಪಿಸಿದವಳಲ್ಲ.

ದನಿ ಅವಳ ತಂಗಿಯದು. ತಂಗಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅದಕ್ಕೂ ಮೊದಲೊಮ್ಮೆ, ಬರುವವರ ಮನಸ್ಸು ಹಗುರಾಗಲೆಂದು ಪಾರ್ಕಿನವರು ಅಲ್ಲೇ ಹಕ್ಕಿಗಳ ಕೂಗು ರೆಕಾರ್ಡ್ ಮಾಡಿಕೊಂಡ ದಿನ, ಹೊರಗಿನವರನ್ನು ಒಳಗೆ ಬಿಡಬೇಡ ಎಂದು ಅವಳಿಗೆ ಹೇಳಿದ್ದರು. ಅವಳು ಗೇಟು ಕಾದಳು. ಬಿದಿರುಮೆಳೆಯ ಹಿಂದೆ ಗುಡಿಸುತ್ತಿದ್ದ ತಂಗಿಗೆ ಹೇಳಲೇ ಇಲ್ಲ. ತಂಗಿ ಹೊರಗಿನವಳಲ್ಲವಲ್ಲ. ಹಕ್ಕಿಗಳ ಜೊತೆ ಅವಳು ಅಕ್ಕನನ್ನು ಕರೆದ ಕೂಗೂ ರೆಕಾರ್ಡಾಗಿಹೋಯಿತು.

ಈಚೆಗೆ ಆ ಕಂಬದ ಬೆಂಚಿಗೆ ನಿವೃತ್ತ ಟೀಚರೊಬ್ಬರು ಬರತೊಡಗಿದರು. ಎದೆಯ ಆಪರೇಷನ್ ಆಗಿತ್ತು; ಹಕ್ಕಿಗಳ ದನಿ ಕೇಳುತ್ತ ಕೂರಿ ಎಂದು ಡಾಕ್ಟರು ಹೇಳಿದ್ದರಂತೆ.

"ಈ ಹಕ್ಕಿ ಗಡಿಯಾರ ನೋಡ್ಕೊಂಡು ಕೂಗತ್ತೇನಮ್ಮ?" ಎಂದು ಮೊದಲ ದಿನ ನಕ್ಕರು. ಮೂರನೇ ದಿನ ನಗಲಿಲ್ಲ. "ಯಾರೋ ಕರೀತಾರೆ. ತಿರುಗಿದ್ರೆ ಯಾರೂ ಇಲ್ಲ. ನನಗೇ ಕರೆ ಬಂತೇನೋ ಅಂತ ಎದೆ ಧಸಕ್ ಅನ್ನತ್ತೆ."

"ನನಗೇನೂ ಕೇಳಿಸಲ್ಲ ಟೀಚರ್," ಎಂದಳು. ನಿಜ ಹೇಳಿದರೆ ಸ್ಪೀಕರು ನಿಲ್ಲಿಸುತ್ತಾರೆ. ಆಮೇಲೆ ಬೆಳಗಾದರೆ ತಾನು ಯಾರಿಗೆ ಓಗೊಡುವುದು?

ಮರುದಿನ ಆ ಹೊತ್ತಿಗೆ ಸರಿಯಾಗಿ ಟೀಚರು ಎರಡೂ ಕಿವಿ ಮುಚ್ಚಿ, ಕಣ್ಣು ಬಿಗಿದು ಕೂತಿದ್ದರು. ತುಟಿ ಒಂದೇ ಸಮನೆ ದೇವರ ಹೆಸರು ಹೇಳುತ್ತಿತ್ತು. "ಅಕ್ಕಾ, ಎಷ್ಟು ಹೊತ್ತೇ?" ಎಂದಿತು ಕಂಬ. ಅಂದು ಅವಳ ಬಾಯಿಂದ ಉತ್ತರ ಹೊರಡಲಿಲ್ಲ.

ನೆಟ್ಟಗೆ ಪಾರ್ಕಿನ ಮೇಲ್ವಿಚಾರಕನ ಕೋಣೆಗೆ ಹೋದಳು. "ಸಾರ್, ಹಕ್ಕಿ ಮಧ್ಯೆ ಕೂಗೋದು ನನ್ನ ತಂಗಿ. ಜನ ಹೆದರ್ತಿದಾರೆ. ಆಫ್ ಮಾಡಿಬಿಡಿ."

ಸ್ಪೀಕರು ನಿಂತಿತು. ಅವಳು ಕಂಬದ ಬಳಿಗೆ ಮರಳಿದಳು. ಪಾರ್ಕು ಬಿಕೋ ಎಂದಿತು. ಸ್ವಲ್ಪ ಹೊತ್ತಿನ ಮೇಲೆ ಬಿದಿರುಮೆಳೆಯಲ್ಲಿ ಎಲೆ ಸರಸರ ಎಂದು, ಯಾವುದೋ ಪುಟ್ಟ ಹಕ್ಕಿ ತಡವರಿಸುತ್ತ ಎರಡು ಸಲ ಚಿಂವ್‌ಗುಟ್ಟಿತು. ಟೀಚರು ಒಂದು ಕಿವಿಯಿಂದ ಕೈ ತೆಗೆದರು.

ಮೇಲ್ವಿಚಾರಕ ಅವಳ ಬಳಿಗೆ ಬಂದು ದನಿ ತಗ್ಗಿಸಿದ. "ಆ ಕೂಗಷ್ಟನ್ನೇ ನಿಮ್ಮ ಫೋನಿಗೆ ಹಾಕಿಕೊಡ್ತೀನಮ್ಮ. ಬೇಕಾದಾಗ ಒತ್ತಿ ಕೇಳ್ಕೊಳ್ಳಿ."

ಅವಳು ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಕಡ್ಡಿ ಬಿಗಿಮಾಡಿಕೊಂಡಳು. ಒಮ್ಮೆ ಬಿದಿರುಮೆಳೆಯ ಕಡೆ ನೋಡಿದಳು.

"ಬೇಡ ಸಾರ್. ಒತ್ತಿದಾಗೆಲ್ಲ ಕೂಗೋಕೆ ಅವಳೇನು ಆಳಾ? ಅವಳಾಗೇ ಕರೀತಿದ್ಲು, ನಾನು ಹೋಗ್ತಿದ್ದೆ."