ಬೆಟ್ಟ ಹತ್ತಿದ ತಿಮಿಂಗಿಲ

ಮಗಳು ಬೆಟ್ಟದ ತುದಿಯಲ್ಲಿ ನಿಂತಿರಬಹುದಿತ್ತು. ನಿಂತು, ನಾನು ಬರುವುದರೊಳಗೆ ಕಾಲು ಮುಂದಿಟ್ಟಿರಬಹುದಿತ್ತು. ಇಡದಿದ್ದರೂ ನನ್ನನ್ನು ಕಂಡ ಗಾಬರಿಗೆ ಜಾರಿರಬಹುದಿತ್ತು. ಅವಳ ಫೋನಿನೊಳಗೆ ಅಡಗಿ ಕೂತ ಯಾವನೋ ‘ಹ್ಞೂಂ, ಈಗ’ ಎಂದಿರಬಹುದಿತ್ತು. ಅವಳು ಕ್ಷೇಮವಾಗಿದ್ದು, ನಾನೇ ಕೋಟೆ ಬಾಗಿಲ ಹತ್ತಿರ ಎದೆ ಹಿಡಿದುಕೊಂಡು ಕೂತುಬಿಡಬಹುದಿತ್ತು. ಸುದ್ದಿ ತಿಳಿದು ಹೆಂಡತಿಯ ಬಿ.ಪಿ. ಏರಿ, ಅವಳನ್ನು ತುಮಕೂರಿಗೆ ಸಾಗಿಸುವ ಆಂಬುಲೆನ್ಸು ಕೊರಟಗೆರೆಯಲ್ಲಿ ಪಂಕ್ಚರ್ ಆಗಬಹುದಿತ್ತು. ಇಷ್ಟನ್ನೂ ನಾನು ಮಧುಗಿರಿ ಬಸ್ ನಿಲ್ದಾಣದಿಂದ ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ, ಓಡುತ್ತಲೇ ಯೋಚಿಸಿ ಮುಗಿಸಿದ್ದೆ. ಪಂಕ್ಚರ್ ಹಾಕುವವನು ಊಟಕ್ಕೆ ಹೋಗಿರುತ್ತಾನೆ ಎಂಬುದನ್ನೂ ಬಿಟ್ಟಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ತಿಮಿಂಗಿಲದ ಆಟ ಎಂಬುದೊಂದು ಎಲ್ಲರ ಬಾಯಲ್ಲಿತ್ತು. ಮೊಬೈಲಿನಲ್ಲಿ ಯಾರೋ ದಿನಕ್ಕೊಂದು ಕೆಲಸ ಹೇಳುತ್ತಾರಂತೆ, ಮಕ್ಕಳು ಮರುಮಾತಾಡದೆ ಮಾಡುತ್ತಾರಂತೆ, ಕೈಮೇಲೆ ತಿಮಿಂಗಿಲದ ಗುರುತು ಮೂಡುತ್ತದಂತೆ, ಕಡೆಗೊಂದು ದಿನ ಎತ್ತರದ ಜಾಗ ಹುಡುಕಿಕೊಂಡು ಹೋಗಿಬಿಡುತ್ತಾರಂತೆ. ಬೇರೆ ಊರಿನವರು ‘ಎತ್ತರದ ಜಾಗ’ ಎಂದು ಓದಿದರೆ ನೀರಿನ ಟ್ಯಾಂಕನ್ನೋ ಮಹಡಿಯನ್ನೋ ಕಲ್ಪಿಸಿಕೊಳ್ಳಬೇಕು. ಮಧುಗಿರಿಯವರಿಗೆ ಆ ಶ್ರಮವಿಲ್ಲ. ಕಿಟಕಿ ತೆಗೆದರೆ ಸಾಕು, ಊರಿನ ನೆತ್ತಿಯ ಮೇಲೆಯೇ ಒಂದೇ ಬಂಡೆಯ ಬೆಟ್ಟ.

ಆ ಆಟ ಆಡಿದವರನ್ನು ಯಾರೂ ಕಂಡಿರಲಿಲ್ಲ. ಶಿರಾದವರನ್ನು ಕೇಳಿದರೆ ಪಾವಗಡದಲ್ಲಿ ಆಗಿದೆಯಂತೆ ಅನ್ನುತ್ತಿದ್ದರು. ಪಾವಗಡದವರು ಕೊರಟಗೆರೆ ಅನ್ನುತ್ತಿದ್ದರು. ಕೊರಟಗೆರೆಯವರು ನನ್ನ ಮುಖ ನೋಡಿ, ‘ನಿಮ್ಮೂರಲ್ಲೇ ಅಂತೆ ಸಾರ್’ ಅನ್ನುತ್ತಿದ್ದರು. ಅದು ಯಾವಾಗಲೂ ಪಕ್ಕದ ತಾಲ್ಲೂಕಿನಲ್ಲಿ ಆಗುವ ಆಟ.

ನಾನು ಆಗ ಕೊರಟಗೆರೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಮಧುಗಿರಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಮಕ್ಕಳಿಗೆ ಈ ಆಟದ ಬಗ್ಗೆ ಎಚ್ಚರಿಕೆ ಹೇಳಬೇಕೆಂದಾಗ ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. ‘ನೀವ್ ಹೆಂಗಿದ್ರೂ ಎಲ್ಲಾದಕ್ಕೂ ಹೆದರ್ತೀರಲ್ಲ, ಇದನ್ನೂ ನೀವೇ ಹೇಳ್ಬುಡಿ’ ಅಂದರು. ಹೇಳಲು ನಾನು ಸಿಕ್ಕಿದ್ದೆಲ್ಲ ಓದಿದೆ. ಕಾರು ಕದ್ದು ಜನರ ಮೇಲೆ ಹತ್ತಿಸುವ ಆಟ, ಬಂದೂಕು ಹಿಡಿದು ಕಂಡವರನ್ನೆಲ್ಲ ಉರುಳಿಸುವ ಆಟ, ಯಾವ ದೇಶದಲ್ಲಿ ಯಾವುದನ್ನು ಯಾಕೆ ನಿಲ್ಲಿಸಿದರು, ಎಲ್ಲವೂ ಬಾಯಿಪಾಠವಾಯಿತು. ಪ್ರತಿಯೊಂದು ಆಟದ ಮೇಲಿನ ಆರೋಪ ಗೊತ್ತು. ಒಂದನ್ನೂ ಎಲ್ಲಿ ಒತ್ತಿದರೆ ಶುರುವಾಗುತ್ತದೆಂದು ಗೊತ್ತಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. ‘ಸಾ, ಇದ್ರಲ್ಲಿ ಗೆಲ್ಲೋದ್ ಹೆಂಗೆ ಸಾ?’ ‘ಕೂತ್ಕೊಳಮ್ಮ’ ಅಂದೆ. ಎಲ್ಲರೂ ನಿಂತೇ ಇದ್ದರು.

ಇದಾದ ಮೇಲಿನ ಶನಿವಾರ ಬೆಳಿಗ್ಗೆ, ಮಗಳು ತಿಂಡಿ ತಟ್ಟೆ ತೊಳೆಯುತ್ತಿದ್ದಳು. ಅವಳು ಆಗ ಮೊದಲ ಪಿಯುಸಿ. ಹಸಿರು ಚೂಡಿದಾರದ ಉದ್ದ ತೋಳು ನೀರಿಗೆ ನೆನೆಯುತ್ತದೆಂದು ಮೇಲಕ್ಕೆ ಸರಿಸಿಕೊಂಡಳು. ಎಡ ಮುಂಗೈಯ ಒಳಭಾಗದಲ್ಲಿ ಕಂದು ಬಣ್ಣದ ಗುರುತು ಕಂಡಿತು. ದಪ್ಪ ತಲೆ, ಉಬ್ಬಿದ ಹೊಟ್ಟೆ, ಸುರುಳಿ ಸುತ್ತಿ ಮೇಲೆದ್ದ ಬಾಲ.

‘ಏನೇ ಅದು?’

‘ಏನಿಲ್ಲಪ್ಪ,’ ಎಂದು ತೋಳು ಎಳೆದುಕೊಂಡಳು.

ಏನೂ ಇಲ್ಲದಿದ್ದರೆ ಮುಚ್ಚುವುದೇಕೆ? ಕೇಳಬೇಕಿತ್ತು. ಕೇಳಿದರೆ ಆ ಕಾಣದವನು ಅವಸರ ಮಾಡಿಬಿಟ್ಟರೆ ಎಂದು ಹೆದರಿ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಿಟ್ಟೆ. ಶಾಲೆಯಿಂದ ಅವಳಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ ಆಫ್. ಹೆಂಡತಿಗೆ ಮಾಡಲಿಲ್ಲ, ಬಿ.ಪಿ. ಇದೆಯಲ್ಲ. ಅದೇ ನಂಬರನ್ನು ಒತ್ತುತ್ತಲೇ ಇದ್ದುದನ್ನು ಪಕ್ಕದ ಕುರ್ಚಿಯ ಸಹೋದ್ಯೋಗಿ ನೋಡಿದರು. ಅವರಿಗೆ ಮಾತ್ರ ಎಲ್ಲ ಹೇಳಿ, ‘ಯಾರಿಗೂ ಹೇಳ್ಬೇಡಿ’ ಎಂದು ಕೈ ಮುಗಿದೆ. ‘ನೀವ್ ಮೊದ್ಲು ಹೊರಡಿ ಸಾರ್, ನಾನ್ ಯಾರ್ಗೇಳ್ಲಿ?’ ಅಂದರು.

ಬಸ್ಸಿಳಿದವನೇ, ಹಸಿರು ಚೂಡಿದಾರದಲ್ಲಿ ಮಗಳೇನಾದರೂ ಕಂಡಳೇ ಎಂದು ನಿಲ್ದಾಣದ ಟೀ ಅಂಗಡಿಯವನನ್ನು ಕೇಳಿದೆ. ಅವನಿಗೆ ನನ್ನ ಮಗಳ ಗುರುತಿದೆ.

‘ನಿಮ್ ಪಾಪನ್ನ ನೋಡ್ಲಿಲ್ಲ ಮೇಷ್ಟ್ರೇ. ಹಸಿರ್ ಬಟ್ಟೆ ಹುಡ್ಗೀರು ಒಂದ್ ಗುಂಪು ಬೆಟ್ಟದ್ ಕಡೆ ಹೋದ್ವು ಕಣಣ್ಣ. ಯಾಕಿಂಗೆ ಬೆವ್ತಿದೀರಾ? ಟೀ ಕುಡ್ದ್ ಹೋಗಿ.’

ಬೆಟ್ಟದ ಬಾಗಿಲಲ್ಲಿ ಕಾವಲಿನವನು ಬೀಡಿ ಆರಿಸುತ್ತಿದ್ದ. ಒಬ್ಬಳೇ ಹುಡುಗಿ ಹತ್ತಿದಳೇ ಎಂದು ಕೇಳಿದೆ.

‘ಹತ್ತೋರ್ ಮಕ ಯಾರ್ ನೋಡ್ತಾರೆ ಬುಡಿ ಸಾ. ಈ ವಯಸ್ಸಲ್ಲಿ ನಿಮಗ್ಯಾಕೆ ಬೆಟ್ಟ? ಇಲ್ಲೇ ನೆಳ್ಳಲ್ಲಿ ಕೂತ್ಕೊಳಿ, ಇಳ್ದೇ ಇಳೀತಾರೆ.’

ಇಳಿಯುವ ದಾರಿ ಎರಡಿವೆಯಲ್ಲ ಎಂದು ನನ್ನ ಬುದ್ಧಿ ಹೇಳಿತು. ಹತ್ತತೊಡಗಿದೆ.

ಮೆಟ್ಟಿಲು ಇರುವವರೆಗೆ ಹೇಗೋ ಆಯಿತು. ಆಮೇಲೆ ಬರೀ ಬಂಡೆ. ಕಾಲಿಡಲು ಕಚ್ಚು ಕೊರೆದಿದ್ದಾರೆ, ಹಿಡಿಯಲು ಕಬ್ಬಿಣದ ಕಂಬಿ. ಬಿಸಿಲಿಗೆ ಕಾದ ಕಂಬಿ ಅಂಗೈ ಸುಡುತ್ತಿತ್ತು. ಅವಳ ಹೆಸರು ಹಿಡಿದು ಕೂಗಿದೆ. ದನಿ ಬಂಡೆಗೆ ಬಡಿದು ನನಗೇ ವಾಪಸು ಬಂತು. ಬೆಳಿಗ್ಗೆ ಬೈದಿದ್ದರೂ ಆಗುತ್ತಿತ್ತು, ಹೊಡೆದಿದ್ದರೂ ಆಗುತ್ತಿತ್ತು, ಬಾಗಿಲಿಗೆ ಬೀಗ ಹಾಕಿ ಕೂರಿಸಿದ್ದರೂ ಆಗುತ್ತಿತ್ತು. ಬಸ್ ಹಿಡಿಯಲು ಓಡಿದೆನಲ್ಲ, ಎಂಥ ಅಪ್ಪ ನಾನು! ಹಾಗೆ ಅಂದುಕೊಳ್ಳುತ್ತ ಒಂದು ಸಲ ಕೆಳಗೆ ನೋಡಿದೆ. ಬಂಡೆಯ ಇಳಿಜಾರು ಮುಗಿಯುವಲ್ಲಿ, ಪೊದೆಯೊಂದರ ಪಕ್ಕ, ಹಸಿರು ಬಟ್ಟೆ ಬಿದ್ದಿತ್ತು.

ಕಂಬಿ ತಬ್ಬಿಕೊಂಡು ಕೂತೆ. ದೇವರಿಗೆ ಏನು ಹೇಳಿದೆನೋ ನೆನಪಿಲ್ಲ, ಬಹಳ ಹೇಳಿದೆ. ಗಾಳಿ ಬೀಸಿತು. ಹಸಿರು ಬಟ್ಟೆ ಬಲೂನಿನ ಹಾಗೆ ಉಬ್ಬಿ, ಮೇಲೆದ್ದು, ಇನ್ನೊಂದು ಪೊದೆಗೆ ಸಿಕ್ಕಿಕೊಂಡಿತು. ಪ್ಲಾಸ್ಟಿಕ್ ಚೀಲ.

ಅಷ್ಟು ಹೊತ್ತಿಗೆ ಮೇಲಿನಿಂದ ಹಸಿರು ಸಮವಸ್ತ್ರದ ಹುಡುಗಿಯರು ಕಿಲಕಿಲ ನಗುತ್ತ ಇಳಿದು ಬಂದರು. ಮಗಳು ಅವರೊಳಗೆ ಇರಲಿಲ್ಲ.

‘ಅಂಕಲ್, ಕೆಳಗ್ ನೋಡ್ಬ್ಯಾಡಿ. ಕೂತ್ಕೊಂಡೇ ಜಾರ್ಕೊಂಡ್ ಬನ್ನಿ,’ ಎಂದಳು ಒಬ್ಬಳು.

‘ಮೇಲೆ ಇನ್ಯಾರಾದ್ರೂ ಇದಾರೇನಮ್ಮ?’

‘ಕೋತಿಗಳಿದಾವೆ ಅಂಕಲ್.’

ಆಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

‘ಎಲ್ಲಿದೀರಾ? ಊಟಕ್ ಬರಲ್ವಾ?’

‘ಮಗಳು... ಮಗಳು...’

‘ಅವ್ಳು ಶಿರಾದಲ್ಲಿದಾಳೆ. ಆ ಸಾಬರ ಹುಡ್ಗಿ ಇಲ್ವಾ, ಇವ್ಳ ಕ್ಲಾಸ್‌ಮೇಟು? ಅವ್ರಕ್ಕನ್ ಮದ್ವೆ. ನಾನೇ ಕಳ್ಸಿದ್ದು. ಈಗ ಅವ್ರಮ್ಮನ್ ಫೋನಿಂದ ಮಾಡಿದ್ಲು, ಇವ್ಳದು ಚಾರ್ಜಿಲ್ವಂತೆ.’

‘ಕೈ ಮೇಲೆ ತಿಮಿಂಗಿಲ ಇತ್ತು ಕಣೇ!’

‘ಅದು ಮೆಹಂದಿ ರೀ. ಮಾವಿನಕಾಯಿ ಬರ್ದವ್ರೆ. ಕೋನಿನ ಮೆಹಂದೀಲಿ ವಿಷ ಅದೆ ಅಂತ ಹಿಂದಿನ್ ವಾರ ಕುಣ್ದ್ರಲ್ಲ, ಅದುಕ್ಕೇ ನಿಮ್ಗೆ ತೋರ್ಸ್ಲಿಲ್ಲ. ಶಿರಾ ರೋಡಲ್ಲಿ ಲಾರಿ ಜಾಸ್ತಿ ಅಂತ ಶುರು ಹಚ್ಕೊಂತೀರ ಅಂತ ಹೋಗೋದನ್ನೂ ಹೇಳ್ಲಿಲ್ಲ. ಎಲ್ಲಿದೀರಾ ಮೊದ್ಲು ಹೇಳಿ.’

‘ಬೆಟ್ಟದ್ ಮೇಲೆ.’

‘ಯಾಕೆ?’

ಕಂಬಿಗೆ ಮುಖ ಒತ್ತಿಕೊಂಡು ಅತ್ತೆ. ಆ ಹುಡುಗಿಯರು ನಾನು ಹೆದರಿದ್ದೇನೆಂದು ತಿಳಿದು, ಹಿಂದೆ ಮುಂದೆ ನಿಂತು, ಮಗುವನ್ನು ಇಳಿಸುವ ಹಾಗೆ ಇಳಿಸಿದರು.

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನನ್ನ ಸಹೋದ್ಯೋಗಿ ಯಾರಿಗೂ ಹೇಳದೆ, ವೈ.ಎನ್. ಹೊಸಕೋಟೆಯ ತಮ್ಮ ನಾದಿನಿಗೆ ಮಾತ್ರ ಹೇಳಿದ್ದರು. ಆಕೆ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಒಂದು ವಾಯ್ಸ್ ಮೆಸೇಜು ಮಾಡಿ ನೆಂಟರಿಗೆ ಕಳಿಸಿದ್ದರು. ಅದು ಮದುವೆ ಮನೆಯ ಊಟದ ಹೊತ್ತಿಗೆ ಶಿರಾ ತಲುಪಿತ್ತು. ‘ಮದುಗಿರಿಲಿ ಅಂಟ ಕಣಮ್ಮ, ಮೇಷ್ಟ್ರು ಮಗಳಂಟ, ಕೈ ಮೇಲೆ ತಿಮಿಂಗ್ಲ ಬಂದ್ಬುಟೈತಂಟ, ಬೆಟ್ಟಕ್ಕೆ ಪೋಯಿಂದಂಟ, ಅಯ್ಯೋ ಪಾಪಂ!’ ಸಾಲಿನಲ್ಲಿ ಕೂತಿದ್ದವರು ಕೇಳಿ ಲೊಚಗುಟ್ಟಿದರಂತೆ. ಮಧುಗಿರಿಯ ಮೇಷ್ಟ್ರ ಮಗಳು ಅದೇ ಸಾಲಿನಲ್ಲಿ ಬಿರಿಯಾನಿ ಬಿಟ್ಟು ಮಾಂಸದ ತುಂಡಿಲ್ಲದ ಕುಷ್ಕ ಹಾಕಿಸಿಕೊಂಡು ಕೂತಿದ್ದಳು. ಗೆಳತಿಯ ಅಜ್ಜಿ ಅವಳ ಕೈ ತಿರುಗಿಸಿ ನೋಡಿ, ‘ಅರೇ, ಇದು ಆಮ್ ಅಲ್ವಾ ಬೇಟಾ?’ ಅಂದರಂತೆ. ಎಲ್ಲರೂ ನಕ್ಕರಂತೆ. ಅವಳೂ ನಕ್ಕಳಂತೆ.

ಸಂಜೆ ಮನೆಗೆ ಬಂದವಳು ನನ್ನೊಂದಿಗೆ ಜಗಳ ಆಡಲಿಲ್ಲ. ಆಡಲಿ ಎಂದು ನಾನು ಹಾಲ್‌ನಲ್ಲೇ ಕಾದು ಕೂತಿದ್ದೆ. ‘ಬೆಟ್ಟ ಹತ್ತಿದ್ಯಂತೆ, ಕಾಲು ನೋವಾ ಅಪ್ಪ?’ ಎಂದು ಕೇಳಿ ಬಚ್ಚಲಿಗೆ ಹೋದಳು. ಬಹಳ ಹೊತ್ತು ನೀರಿನ ಸದ್ದು ಬರುತ್ತಿತ್ತು. ಸೋಮವಾರ ಕಾಲೇಜಿತ್ತು, ಆ ಮೆಸೇಜು ಕೇಳಿದವರೆಲ್ಲ ಅಲ್ಲಿ ಮೊದಲು ನೋಡುವುದು ಅವಳ ಎಡಗೈಯನ್ನೇ.

ಆ ಆಟದಿಂದ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಯಾರಿಗಾದರೂ ಗಾಯವಾದದ್ದು, ನಾನು ಕಣ್ಣಾರೆ ಕಂಡದ್ದು, ಇದೊಂದೇ. ನಿಂಬೆಹೋಳು ಹಾಕಿ ಹಿಮ್ಮಡಿ ತಿಕ್ಕುವ ಕಲ್ಲಿನಲ್ಲಿ ಉಜ್ಜಿ ಉಜ್ಜಿ, ಅವಳ ಎಡ ಮುಂಗೈಯ ಚರ್ಮ ಅಂಗುಲದಷ್ಟು ಕಿತ್ತುಬಂದಿತ್ತು.