ತಂಗಿಯ ಕುದುರೆಯನ್ನು ನಿಲ್ಲಿಸಿದ ದಿನ

ಮೊದಲೇ ಹೇಳಿಬಿಡುತ್ತೇನೆ, ನನಗೆ ತಂಗಿಯ ಮೇಲೆ ಹೊಟ್ಟೆಕಿಚ್ಚು. ಈಗಲೂ ಇದೆ. ಅಕ್ಕತಂಗಿಯರ ನಡುವೆ ಇದೆಲ್ಲ ಇದ್ದದ್ದೇ ಎಂದು ಯಾರಾದರೂ ಸಮಾಧಾನ ಹೇಳಲು ಬಂದರೆ ಇನ್ನಷ್ಟು ಸಿಟ್ಟು ಬರುತ್ತದೆ. ಇದ್ದದ್ದೇ ಆಗಿದ್ದರೆ ನಾನು ಪೋಲೆಂಡಿನಲ್ಲಿ ಮಾಡಿದ್ದನ್ನು ಮಾಡುತ್ತಿರಲಿಲ್ಲ.

ನಮ್ಮದು ಗುಡೂರು. ಮನೆದೇವರು ಬೀರಪ್ಪ, ಹಟ್ಟಿ ತುಂಬ ಕುರಿ. ಅಪ್ಪ ಕುರಿ ಹೊಡೆದುಕೊಂಡು ಊರೂರು ಸುತ್ತುವಾಗ ಹೊರೆ ಹೊರಲು ಎರಡು ತಟ್ಟುಗಳಿರುತ್ತಿದ್ದವು. ಕಂಬಳಿ, ಪಾತ್ರೆ, ಆಗತಾನೇ ಹುಟ್ಟಿದ ಮರಿ, ಎಲ್ಲವೂ ಆ ಪುಟ್ಟ ಕುದುರೆಗಳ ಬೆನ್ನ ಮೇಲೆ. ಅವು ಲಗಾಮಿಗಿಂತ ಅಪ್ಪನ ಬಾಯಿಗೇ ಹೆಚ್ಚು ಹೆದರುತ್ತಿದ್ದವು. ಅಪ್ಪ ತುಟಿ ಸಡಿಲ ಬಿಟ್ಟು 'ಪ್ರ್ರ್ರ್' ಎಂದರೆ ಸಾಕು, ಇದ್ದಲ್ಲೇ ನಿಂತುಬಿಡುತ್ತಿದ್ದವು. ನಾನು 'ಅವ್ವ' ಅನ್ನುವ ಮೊದಲು ಆ ಸದ್ದು ಕಲಿತೆನೆಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ.

ಓದಲೆಂದು ನನ್ನನ್ನು ನವನಗರದ ಹಾಸ್ಟೆಲಿಗೆ ಹಾಕಿದರು. ಸೈನ್ಯದ ಕುದುರೆ ದಳದಿಂದ ನಿವೃತ್ತರಾದ ಒಬ್ಬರು ಅಲ್ಲಿ ಇನ್ನೂ ಮನೆಗಳೇಳದ ಸೆಕ್ಟರಿನ ಬಯಲಲ್ಲಿ ನಾಲ್ಕು ಕುದುರೆ ಸಾಕಿಕೊಂಡು ಮಕ್ಕಳಿಗೆ ಸವಾರಿ ಕಲಿಸುತ್ತಿದ್ದರು. ಅಲ್ಲಿಗೆ ಮೊದಲು ಹೋದವಳು ನಾನು. ನಾನೇ! ತಂಗಿ ಬಂದದ್ದು ಎರಡು ವರ್ಷದ ಮೇಲೆ, ನನ್ನ ಹಳೇ ಬೂಟಿನ ಮುಂದಕ್ಕೆ ಬಟ್ಟೆ ತುರುಕಿಕೊಂಡು. "ಹಿರಿಯಕ್ಕನ ಚಾಳಿ ಮನಿಮಂದಿಗೆಲ್ಲ" ಎಂದು ಗುರುಗಳು ನಕ್ಕರು. ಆಗ ನಾನೂ ನಕ್ಕಿದ್ದೆ, ದಡ್ಡಿ.

ಅವರು ಕಲಿಸಿದ್ದು ಡ್ರೆಸಾಜ್. ಅದರಲ್ಲಿ ಓಟವಿಲ್ಲ, ಜಿಗಿತವಿಲ್ಲ. ಮರಳು ಹಾಸಿದ ಅಂಗಳದಲ್ಲಿ ಕುದುರೆ ಹೇಳಿದಲ್ಲಿ ತಿರುಗಬೇಕು, ಹೇಳಿದಲ್ಲಿ ನಿಲ್ಲಬೇಕು, ಅಡ್ಡಡ್ಡ ಹೆಜ್ಜೆ ಹಾಕಬೇಕು. ಮೇಲೆ ಕೂತವರು ಏನೂ ಮಾಡುತ್ತಿಲ್ಲವೆಂದು ನೋಡುವವರಿಗೆ ಕಾಣಬೇಕು. ಸವಾರ ಬಾಯಿಂದ ಸದ್ದು ಮಾಡಿದರೆ ಅಂಕ ಕಡಿತ. ಹೊರಗೆ ನಿಂತವರು ಸದ್ದು ಮಾಡಿ ಸಹಾಯ ಮಾಡಿದರಂತೂ ಸವಾರನನ್ನೇ ಸ್ಪರ್ಧೆಯಿಂದ ತೆಗೆದುಹಾಕುತ್ತಾರೆ. ಕುರಿ ಕಾಯುವವರ ಮನೆಯ ಹುಡುಗಿಗೆ ಬಾಯಿ ಮುಚ್ಚಿಕೊಂಡು ಕುದುರೆ ನಡೆಸುವುದು ಎಂಥ ಶಿಕ್ಷೆ ಎಂದು ಕುರಿ ಕಾದವರಿಗೇ ಗೊತ್ತು. ನನ್ನ ತುಟಿ ತಾನಾಗಿ ಅದುರುತ್ತಿತ್ತು. ತಂಗಿಯದು ಅದುರುತ್ತಿರಲಿಲ್ಲ.

ನಾನು ಕುದುರೆ ಹತ್ತಿದರೆ ಗುರುಗಳು ಒಂದೇ ಸಮನೆ ಕೂಗುತ್ತಿದ್ದರು: "ಬೆನ್ನ ನೆಟ್ಟಗ! ಹಿಮ್ಮಡ ಕೆಳಗ! ಬಾಯಿ ಮುಚ್ಚಲೇ!" ತಂಗಿ ಹತ್ತಿದ ಕೆಲವೇ ತಿಂಗಳಲ್ಲಿ ಅವರು ಕೂಗುವುದನ್ನು ಬಿಟ್ಟರು. ಸುಮ್ಮನೆ ಕೈಕಟ್ಟಿ ನಿಂತು ನೋಡುತ್ತಿದ್ದರು. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವತ್ತು, ಅವರ ಆ ಸುಮ್ಮನಿರುವಿಕೆಯಿಂದ.

ಹೋದ ವರ್ಷ ಪೋಲೆಂಡಿನಲ್ಲಿ ನಡೆದ ಕಿರಿಯ ಸವಾರರ ಸ್ಪರ್ಧೆಗೆ ಒಂದೇ ಜಾಗವಿತ್ತು. ಆಯ್ಕೆಯಲ್ಲಿ ತಂಗಿ ಮೊದಲು, ನಾನು ಎರಡನೆಯವಳು. ಕುದುರೆಯ ಮೈ ತಿಕ್ಕಲು, ಮೇವು ಹಾಕಲು ಒಬ್ಬರು ಜೊತೆಗೆ ಬೇಕಲ್ಲ, ಅದಕ್ಕೆ ನಾನು. ಅವ್ವನಿಗೆ ಎಲ್ಲಿಲ್ಲದ ಸಂಭ್ರಮ. "ಇಬ್ಬರೂ ಇಮಾನ ಹತ್ತೀರಿ, ಇನ್ನೇನ ಬೇಕ?" ಎಂದಳು. ಏನು ಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಳಕಲ್ಲಿನ ದರ್ಜಿ ತಂಗಿಗೆ ಕಪ್ಪು ಕೋಟಿನ ಅಳತೆ ತೆಗೆಯುವಾಗ ನಾನು ಗುಂಡುಸೂಜಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಆ ಕೋಟು ನನ್ನ ಭುಜಕ್ಕೇ ಒಪ್ಪುತ್ತಿತ್ತು. ಖರೇನೇ ಹೇಳುತ್ತೇನೆ, ಒಂದು ಸೂಜಿಯನ್ನು ಅವಳ ತೋಳಿಗೆ ಚುಚ್ಚಬೇಕೆನಿಸಿತ್ತು.

ಪೋಲೆಂಡಿನಲ್ಲಿ ಅವಳಿಗೆ ಕುದುರೆ ಕೊಟ್ಟವಳು ಒಂದು ಲಾಯದ ಯಜಮಾನಿ. ಕಂದು ಬಣ್ಣದ ಹೆಣ್ಣು ಕುದುರೆ, ರೇಷ್ಮೆಯಂಥ ಮೈ. ಮೊದಲ ದಿನದ ಸವಾರಿ ನೋಡಿ ಯಜಮಾನಿ ತಂಗಿಯ ಕೆನ್ನೆ ಹಿಡಿದು ಒಂದು ಮಾತು ಕೊಟ್ಟಳು. ಎರಡನೆಯ ದಿನ ಚೆನ್ನಾಗಿ ಮಾಡಿ ಕೊನೆಯ ದಿನದ ಸುತ್ತಿಗೆ ಹೋದರೆ, ಆರು ತಿಂಗಳು ತನ್ನ ಬಳಿಯೇ ಇಟ್ಟುಕೊಂಡು ಕಲಿಸುತ್ತೇನೆ ಎಂದಳು. ನಮ್ಮ ಜೊತೆ ಬಂದಿದ್ದ ಗುರುಗಳು ಅದನ್ನು ಕನ್ನಡದಲ್ಲಿ ಎರಡೆರಡು ಸಲ ಹೇಳಿದರು. ತಂಗಿ ನನ್ನ ಕೊರಳಿಗೆ ಜೋತುಬಿದ್ದಳು. ನಾನು ಅವಳ ಬೆನ್ನು ತಟ್ಟಿದೆ. ಆರು ತಿಂಗಳು! ನಾನು ಮಾತ್ರ ವಾಪಸು ಹೋಗಿ ನವನಗರದಲ್ಲಿ ಲದ್ದಿ ಬಾಚಬೇಕು.

ಎರಡನೆಯ ದಿನ ಬೆಳಗ್ಗೆ ಕುದುರೆಯ ಕುತ್ತಿಗೆಗೂದಲಿಗೆ ಹದಿನೈದು ಜಡೆ ಹಾಕಿದೆ. ಬೂಟು ಹೊಳೆಯುವಂತೆ ಒರೆಸಿದೆ. ಅಪ್ಪ ಫೋನು ಮಾಡಿ, "ತಂಗೀ ಕುದುರೀನ ಛಲೋ ನೋಡ್ಕೋವಾ, ನೀ ಇದ್ದಿ ಅಂತ ನಮಗ ಧೈರ್ಯ" ಎಂದ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ನಾನು ಹೇಗಿದ್ದೇನೆ ಎಂದು ಅವನು ಕೇಳಲಿಲ್ಲ.

ಅವಳ ಸವಾರಿ ಎಷ್ಟು ಚಂದವಿತ್ತೆಂದರೆ, ನೋಡನೋಡುತ್ತ ನಾನು ತಪ್ಪು ಹುಡುಕುವುದನ್ನೇ ಬಿಟ್ಟೆ. ನಾನು ಅಂಗಳದ ಬಿಳಿ ಕಟಾಂಜನದ ಪಕ್ಕದಲ್ಲೇ ನಿಂತಿದ್ದೆ. ಇನ್ನು ಎರಡು ತಿರುವು, ಒಂದು ನಮಸ್ಕಾರ, ಮುಗಿಯಿತು. ಅಷ್ಟರಲ್ಲಿ ಗಾಳಿಗೆ ಯಾರದೋ ಛತ್ರಿ ಹಾರಿ ಬಂದು ಕುದುರೆಯ ಮುಂದೆ ಉರುಳಿತು. ಕುದುರೆ ಪಕ್ಕಕ್ಕೆ ಹಾರಿತು. ತಂಗಿಯ ಬಲಗಾಲು ಪಾದ ಊರುವ ರಿಕಾಬಿನಿಂದ ಜಾರಿ ಅವಳು ಒಂದು ಕಡೆಗೆ ವಾಲಿದಳು.

ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅದು ನಿಧಾನವಾಗಿಯೇ ನಡೆಯಿತು. ಅವಳು ಎದ್ದು ನೆಟ್ಟಗೆ ಕೂತಳು. ಕಾಲು ರಿಕಾಬನ್ನು ಹುಡುಕಿ ಸೇರಿಕೊಂಡಿತು. ಕುದುರೆಯ ಕಿವಿ ಮತ್ತೆ ಅವಳ ಕಡೆಗೆ ತಿರುಗಿತು. ಇದಷ್ಟನ್ನೂ ನಾನು ಕಣ್ಣಾರೆ ಕಂಡೆ. ಕಂಡಾದ ಮೇಲೆ ನನ್ನ ತುಟಿ ಸಡಿಲವಾಯಿತು. 'ಪ್ರ್ರ್ರ್' ಎಂದೆ, ಅಪ್ಪ ಅನ್ನುವಷ್ಟೇ ಜೋರಾಗಿ.

ಕುದುರೆ ಕಂಬದಂತೆ ನಿಂತಿತು. ಆ ದೇಶದವರೂ ಕುದುರೆ ನಿಲ್ಲಿಸಲು ಹಾಗೇ ಅನ್ನುತ್ತಾರಂತೆ, ಆಮೇಲೆ ತಿಳಿಯಿತು. ಗಂಟೆ ಬಾರಿಸಿದರು. ತೀರ್ಪುಗಾರರಲ್ಲಿ ಹಿರಿಯಳು ಎದ್ದು ನಿಂತು ನನ್ನತ್ತ ನೋಡಿದಳು. ಹೊರಗಿನವರ ಸಹಾಯ, ಸವಾರಳು ಸ್ಪರ್ಧೆಯಿಂದ ಹೊರಗೆ. ತಂಗಿ ತಲೆ ಬಗ್ಗಿಸಿ ನಮಸ್ಕಾರ ಮಾಡಿ ಕುದುರೆ ನಡೆಸಿಕೊಂಡು ಬಂದಳು.

ಲಾಯದಲ್ಲಿ ಗುರುಗಳು ನನ್ನ ಮೇಲೆ ಹರಿಹಾಯ್ದರು. "ಬಾಯಿಗೆ ಬೀಗ ಹಾಕ್ಕೋ ಅಂತ ಏಳು ವರ್ಷ ಬಡಕೊಂಡೆನಲ್ಲೇ!" ಆಮೇಲೆ ತಾವೇ ತಣ್ಣಗಾಗಿ, "ಒಡಹುಟ್ಟಿದಾಕಿ, ಕರುಳು ತಡೀಲಿಲ್ಲ" ಎಂದರು. ನಾನು ತಲೆತಗ್ಗಿಸಿದೆ. ತಂಗಿ ಬಂದು ನನ್ನ ಕೈ ಹಿಡಿದಳು. "ನಾ ಬೀಳ್ತೇನಂತ ಅಂಜಿದಿ, ಹೌದಿಲ್ಲಕ್ಕಾ?" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಹೂಂ ಎಂದೆ. ಆ ಹೂಂ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು! ಯಜಮಾನಿಯ ಬಳಿ ಕಲಿಯುವ ಆ ಆರು ತಿಂಗಳು ಬೇರೆ ಯಾವುದೋ ದೇಶದ ಹುಡುಗಿಯ ಪಾಲಾಯಿತು.

ಊರಲ್ಲಿ ಅವ್ವ, "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ತಂಗಿ, "ಅಕ್ಕ ಇರಲಿಲ್ಲಂದ್ರ ನನ್ನ ಸೊಂಟ ಮುರೀತಿತ್ತು" ಎಂದಳು. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಬಂದವರೆದುರು, "ನಮ್ಮ ದೊಡ್ಡಾಕಿ ಪ್ರ್ರ್ ಅಂದ್ಲು ನೋಡ್ರಿ, ಫಾರೆನ್ ಕುದುರೀನೂ ನಿಂತುಬಿಡ್ತು!" ಎಂದು ಮೀಸೆ ತಿರುವಿದ. ಹುಟ್ಟಿ ಇಷ್ಟು ವರ್ಷಕ್ಕೆ ಮೊದಲ ಸಲ ಅವನು ಅವಳನ್ನು ಬಿಟ್ಟು ನನ್ನನ್ನು ಹೊಗಳಿದ್ದ. ನಾನು ಆ ಹೊಗಳಿಕೆಯನ್ನು ನಾಚಿಕೆಯಿಲ್ಲದೆ ತಿಂದೆ.

ಅದು ಜೀರ್ಣವಾಗಲಿಲ್ಲ. ನವನಗರಕ್ಕೆ ಮರಳಿದ ಮೂರನೆಯ ವಾರ, ಇಬ್ಬರೂ ಒಂದೇ ಕುದುರೆಯ ಎರಡು ಬದಿಗೆ ನಿಂತು ಮೈ ತಿಕ್ಕುತ್ತಿದ್ದಾಗ ಹೇಳಿಬಿಟ್ಟೆ.

"ಅವತ್ತ ನೀ ಬೀಳ್ತಿರಲಿಲ್ಲ. ನನಗ ಗೊತ್ತಿತ್ತು."

ಅವಳ ಬ್ರಶ್ಶು ನಿಲ್ಲಲಿಲ್ಲ. "ನನಗೂ ಗೊತ್ತಿತ್ತಕ್ಕಾ. ನನ್ನ ಕಾಲ ರಿಕಾಬಿನಾಗ ಬಂದಿತ್ತು."

"ಮತ್ತ ಎಲ್ಲಾರ ಮುಂದ ಯಾಕ ಹಂಗ ಹೇಳ್ದಿ?"

"ಅಪ್ಪಾಗ ಖರೇ ಹೇಳಿದ್ರ ಅಂವ ತಡ್ಕೋತಿದ್ದನೇನ?" ಎಂದಳು. ಕುದುರೆಯ ಬೆನ್ನ ಮೇಲಿಂದ ನನ್ನನ್ನು ನೋಡಿದಳು. "ಆದರ ಮುಂದಿನ ಸಲ ನೀ ನನ್ನ ಕೂಡ ಬರಬ್ಯಾಡ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ಸವಾರಿ ಮಾಡುವ ಹಾಗೆಯೇ, ಎಲ್ಲೂ ಅಲುಗದೆ, ಮೆತ್ತಗೆ ಹೇಳಿದಳು. ಆಯ್ತು ಎಂದೆ. ಅವಳಂತೆ ಅಲುಗದೆ ಹೇಳುವುದು ನನಗೆ ಈ ಜನ್ಮದಲ್ಲಿ ಬರುವುದಿಲ್ಲ ಎಂದು ಗೊತ್ತಾಗಿ, ತಪ್ಪು ಮಾಡಿದವಳು ನಾನೇ ಆಗಿದ್ದರೂ, ಆಗಲೂ ಹೊಟ್ಟೆ ಉರಿಯಿತು.